ಆ ನಾಯಿ ಯಾರದು

ನನ್ನ ಮಗಳಿಗೆ ನಾಯಿ ಕಚ್ಚಿ ಒಂಬತ್ತು ತಿಂಗಳಾಯಿತು. ಅವಳು ಬದುಕಿದ್ದಾಳೆ. ಶಾಲೆಗೆ ಹೋಗುತ್ತಾಳೆ, ಪಕ್ಕದ ಮನೆಯ ಹುಡುಗಿಯ ಜೊತೆ ಜಡೆ ಹಿಡಿದು ಜಗಳಾಡುತ್ತಾಳೆ, ಸುಳ್ಳು ಹೇಳಿ ಸಿಕ್ಕಿಬೀಳುತ್ತಾಳೆ. ಆದರೂ ಅವಳು ಲೋಟ ಎತ್ತಿದಾಗಲೆಲ್ಲ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಅವಳ ಗಂಟಲು ನೋಡುತ್ತೇನೆ. ನೀರು ಇಳಿಯಿತಾ? ಇಳಿಯಿತು. ಆಮೇಲೆ ನನ್ನ ಉಸಿರು ಇಳಿಯುತ್ತದೆ. ಒಂದು ವರ್ಷ ಹೀಗೆ ಗಮನ ಇಟ್ಟಿರಬೇಕು ಎಂದು ಡಾಕ್ಟರು ಹೇಳಿದ್ದಾರೆ. ಇನ್ನೂ ಮೂರು ತಿಂಗಳಿದೆ.

ನಾಯಿ ಕಚ್ಚಿದರೆ ಏನು ಮಾಡಬೇಕು ಎಂದು ನಮ್ಮ ಸಾಲಿನ ಹೆಂಗಸರು ಈಗ ನನ್ನನ್ನೇ ಕೇಳುತ್ತಾರೆ. ಸೋಪು ಹಾಕಿ ನಲ್ಲಿಯ ಕೆಳಗೆ ಕಾಲು ಗಂಟೆ ತೊಳಿ. ಬಟ್ಟೆ ಬಿಗಿದು ಕಟ್ಟಬೇಡ. ಅವತ್ತೇ ಆಸ್ಪತ್ರೆಗೆ ಓಡು. ಸೂಜಿ ಒಂದೂ ತಪ್ಪಿಸಬೇಡ. ಯಾರದೇ ನಾಯಿಯಾಗಿರಲಿ, ಡಾಕ್ಟರ ಹತ್ತಿರ ನಿಜ ಹೇಳು. ಬಾಯಿಪಾಠ ಒಪ್ಪಿಸಿದ ಹಾಗೆ ಒಪ್ಪಿಸುತ್ತೇನೆ. ನಾನು ಅವತ್ತು ಏನು ಮಾಡಿದೆ ಎಂಬುದನ್ನು ಮಾತ್ರ ಅವರಲ್ಲಿ ಒಬ್ಬರಿಗೂ ಹೇಳಿಲ್ಲ.

ಎಂಟು ವರ್ಷ ನಾನು ಒಂದು ದೊಡ್ಡ ಮನೆಯಲ್ಲಿ ನಾಯಿ ನೋಡಿಕೊಳ್ಳುವ ಕೆಲಸ ಮಾಡಿದೆ. ನಗಬೇಡಿ, ಅದೂ ಕೆಲಸವೇ. ಬೆಳಿಗ್ಗೆ ಆರಕ್ಕೆ ಅದನ್ನು ಹೊರಗೆ ಕರೆದುಕೊಂಡು ಹೋಗಬೇಕು. ಅದು ಮಾಡಿದ್ದನ್ನು ಬಾಚಬೇಕು. ಬಂದ ಮೇಲೆ ನಾಲ್ಕೂ ಕಾಲು ತೊಳೆದು ಬೆರಳ ಸಂದಿಯಲ್ಲೆಲ್ಲ ಒರೆಸಬೇಕು. ಮಾಂಸ ಬೇಯಿಸಿ, ಮೂಳೆ ಆರಿಸಿ, ಉಗುರು ಬೆಚ್ಚಗೆ ಆರಿಸಿ ಇಡಬೇಕು. ದಿನ ಬಿಟ್ಟು ದಿನ ಸ್ನಾನ. ಕಿವಿ, ಕಣ್ಣು, ಹಲ್ಲು ಎಲ್ಲ ಶುಚಿ. ಆ ಸೋಪಿಗೆ ನನ್ನ ಬೆರಳುಗಳೆಲ್ಲ ಬಿರುಕು ಬಿಟ್ಟಿದ್ದವು. ಅವರು ಅದಕ್ಕೆ ಇಟ್ಟ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ. ಕೆಲಸದವರೆಲ್ಲ ಅದನ್ನು ಸಾಹೇಬ ಎನ್ನುತ್ತಿದ್ದೆವು. ಸಾಹೇಬರ ಊಟ ಆಯ್ತಾ, ಸಾಹೇಬರು ಮಲಗಿದ್ರಾ ಎಂದು ನಮ್ಮ ನಮ್ಮಲ್ಲೇ ನಗುತ್ತಿದ್ದೆವು.

ನನ್ನ ಗಂಡ ಅದೇ ಮನೆಯ ಕಾರು ಓಡಿಸುತ್ತಿದ್ದ. ಇಬ್ಬರೂ ಒಂದೇ ಮನೆಗೆ ಜೋತುಬಿದ್ದಿದ್ದೆವು. ಅವರಿಗೆ ಸಿಟ್ಟು ಬಂದರೆ ನಮ್ಮ ಒಲೆ ಪೂರ್ತಿ ಆರಿದ ಹಾಗೆಯೇ.

ಮಗಳಿಗೆ ಆಗ ಆರು ವರ್ಷ. ಕೈಕಾಲು ಸಣ್ಣ, ಹಾಗಾಗಿ ಕಡ್ಡಿ ಎಂದು ಕರೆಯುತ್ತೇವೆ. ಅವತ್ತು ಸೋಮವಾರ. ಶಾಲೆಯ ನೀರಿನ ಪೈಪು ಒಡೆದು ಮಕ್ಕಳನ್ನು ವಾಪಸು ಕಳಿಸಿದ್ದರು. ಮನೆಯಲ್ಲಿ ಯಾರೂ ಇಲ್ಲವೆಂದು ಜೊತೆಗೆ ಕರೆದುಕೊಂಡು ಹೋದೆ. ಹಿಂದಿನ ವರಾಂಡದ ಮೂಲೆಯಲ್ಲಿ ಕೂರಿಸಿ, ಬರೆಯೋಕೆ ಒಂದು ಕಾಗದ ಕೊಟ್ಟು, ಅಲ್ಲಾಡಬೇಡ ಎಂದೆ. ಅವಳು ಅಲ್ಲಾಡಲಿಲ್ಲ. ಪೆನ್ಸಿಲ್ ಉರುಳಿತು. ಸಾಹೇಬ ತಿನ್ನುತ್ತಿದ್ದ ತಟ್ಟೆಯ ಹತ್ತಿರ ಹೋಗಿ ನಿಂತಿತು. ಅವಳು ಕೈ ಚಾಚಿದಳು.

ಮೊಣಕೈ ಕೆಳಗೆ ಹಿಡಿಯಿತು. ಹಿಡಿದು ಎರಡು ಸಲ ಕೊಡವಿತು. ನಾನು ಕೂಗಿದೆ. ಬಿಟ್ಟಿತು.

ಈಗ ಹೇಳಬೇಕಾದದ್ದು ಇದು. ನಾನು ಓಡಿದೆ. ಮಗಳ ಹತ್ತಿರ ಅಲ್ಲ, ನಾಯಿಯ ಹತ್ತಿರ. ಅದರ ಬಾಯಿಯಲ್ಲಿ ರಕ್ತವಿತ್ತು. ನನ್ನ ಕೈ ತನ್ನಷ್ಟಕ್ಕೆ ಸೊಂಟದ ಬಟ್ಟೆ ಎಳೆದುಕೊಂಡಿತು. ತುಟಿ ಎತ್ತಿ ಹಲ್ಲು ನೋಡಿದೆ, ಏನಾದರೂ ಮುರಿದಿದೆಯಾ ಎಂದು. 'ಏನಾಯ್ತಪ್ಪ, ಏನಿಲ್ಲ, ಏನಿಲ್ಲ' ಎಂದು ಅದನ್ನು ಸಮಾಧಾನ ಮಾಡಿದೆ. ಬಾಯಿ ಒರೆಸಿದೆ. ಕುತ್ತಿಗೆ ಸವರಿದೆ. ಬಿಳಿ ನೆಲದ ಮೇಲೆ ಬಿದ್ದಿದ್ದ ನಾಲ್ಕು ಹನಿಯನ್ನೂ ಒರೆಸಿದೆ. ಆಮೇಲೆ ತಿರುಗಿದೆ. ಕಡ್ಡಿ ಅಳುತ್ತಿರಲಿಲ್ಲ. ಹರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು.

ಗಾಬರಿಯಲ್ಲಿ ಹಾಗಾಯಿತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಗಾಬರಿಯೇನೂ ಇರಲಿಲ್ಲ. ಎಂಟು ವರ್ಷದ ಅಭ್ಯಾಸ ಅದು. ನನ್ನ ಕೈ ಆ ಮನೆಯ ಕೈಯಾಗಿತ್ತು.

ಯಜಮಾನಿ ಬಂದರು. ಅವರು ಯಾವತ್ತೂ ದನಿ ಎತ್ತುವವರಲ್ಲ. ಯಾವುದೋ ಬಾಟಲಿಯಿಂದ ಚುರುಗುಟ್ಟುವ ನೀರು ಹೊಯ್ದು, ಬಟ್ಟೆ ಬಿಗಿದು ಕಟ್ಟಿದರು. 'ಅದು ತಿನ್ನುವಾಗ ಯಾರೂ ಹತ್ರ ಹೋಗಬಾರದು ಅಂತ ನಿಂಗೆ ಗೊತ್ತಿಲ್ವಾ?' ಎಂದರು. 'ಪರವಾಗಿಲ್ಲ, ನಮ್ದಕ್ಕೆ ಎಲ್ಲ ಇಂಜೆಕ್ಷನ್ ಆಗಿದೆ.' ಒಳಗಿನಿಂದ ನಾಯಿಯ ಪುಸ್ತಕ ತಂದು ನನ್ನ ಗಂಡನ ಕೈಗೆ ಕೊಟ್ಟರು. ಅದರಲ್ಲಿ ವರ್ಷವರ್ಷದ ಸೀಲು. 'ಇದನ್ನ ತೋರಿಸು. ಕಾರಲ್ಲೇ ಹೋಗ್ಬನ್ನಿ.'

ಆ ಪುಸ್ತಕದಲ್ಲಿ ಕೊನೆಯ ಎರಡು ಸೀಲು ಸುಳ್ಳು. ನಾಯಿ ಡಾಕ್ಟರ್ ಬಂದಾಗಲೆಲ್ಲ ಸಾಹೇಬನನ್ನು ತೊಡೆಗಳ ನಡುವೆ ಅದುಮಿ ಹಿಡಿಯುತ್ತಿದ್ದವಳು ನಾನೇ. ಎರಡು ವರ್ಷದ ಹಿಂದೆ ಅದು ಅವನ ಕೈಗೆ ಬಾಯಿ ಹಾಕಿತು. 'ಪಾಪ, ಅದಕ್ಕೆ ಹಿಂಸೆ, ಬಿಡಿ' ಎಂದರು ಯಜಮಾನಿ. ಅವನು ಸೀಲು ಒತ್ತಿ ಚಹಾ ಕುಡಿದು ಹೋದ. ಮರುವರ್ಷವೂ ಹಾಗೆಯೇ. ಚಹಾ ತಂದುಕೊಟ್ಟವಳೂ ನಾನೇ.

ಆಸ್ಪತ್ರೆಯಲ್ಲಿ ನರ್ಸು ಆ ಕಟ್ಟು ಬಿಚ್ಚಿ ನನ್ನ ಮುಖ ನೋಡಿದಳು. 'ಯಾರಮ್ಮ ಇದನ್ನ ಹೀಗೆ ಬಿಗಿದೋರು? ತೊಳದ್ರಾ?'

'ಇಲ್ಲ.'

'ಮನೇಲಿ ಸೋಪಿರಲಿಲ್ವಾ?'

ಸೋಪು. ನನ್ನ ಬದುಕಿಡೀ ಸೋಪು. ಅವಳು ಮಗಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಗಡಿಯಾರ ನೋಡುತ್ತ ಕಾಲು ಗಂಟೆ ತೊಳೆದಳು. ಆಗ ಕಡ್ಡಿ ಅತ್ತಳು.

ಡಾಕ್ಟರು ಸುಸ್ತಾದ ಮನುಷ್ಯ. ಪುಸ್ತಕ ತಿರುವಿ ಹಾಕಿದರು. 'ಮನೆ ನಾಯಿ. ಸೂಜಿ ಆಗಿದೆ, ಅಲ್ವಾ?'

ನಾನು ಗಂಡನನ್ನು ನೋಡಿದೆ. 'ಆಗಿದೆ ಸಾರ್' ಎಂದ.

ಡಾಕ್ಟರು ಬಿಡಿಸಿ ಹೇಳಿದರು. ಇವತ್ತಿಂದ ಶುರುಮಾಡಿ ಇಷ್ಟು ದಿನಕ್ಕೆ ಇಷ್ಟು ಸೂಜಿ. ಅದಲ್ಲದೆ ಗಾಯಕ್ಕೇ ಚುಚ್ಚುವ ಇನ್ನೊಂದು ಮದ್ದಿದೆ, ಸೀರಂ ಅಂತ. ಅದು ಬಹಳ ಕಡಿಮೆ ಬರುತ್ತದೆ, ಸೂಜಿ ಆಗದ ನಾಯಿ ಕಚ್ಚಿದವರಿಗೆ ಅಂತ ಎತ್ತಿಟ್ಟಿರುತ್ತಾರೆ. 'ನಿಮ್ಮ ನಾಯಿಗೆ ಆಗಿದೆ. ಹತ್ತು ದಿನ ಅದರ ಮೇಲೆ ಕಣ್ಣಿಡಿ. ತಿನ್ನೋದು ಬಿಟ್ರೆ, ಸತ್ರೆ, ಕಾಣೆಯಾದ್ರೆ ತಕ್ಷಣ ಬನ್ನಿ. ಏಳು ದಿನದ ಒಳಗೆ ಬಂದ್ರೆ ಸೀರಂ ಕೊಡಬಹುದು. ಆಮೇಲೆ ಕೊಟ್ಟೂ ಉಪಯೋಗ ಇಲ್ಲ.'

ಹೊರಗೆ ಬಂದ ಮೇಲೆ ಗಂಡನನ್ನು ಕೇಳಿದೆ. 'ಯಾಕೆ ಹಂಗಂದೆ?'

'ನೀನ್ ಯಾಕೆ ಸುಮ್ನಿದ್ದೆ?' ಎಂದ.

ನನಗೆ ಹುಚ್ಚುನಾಯಿ ರೋಗ ಗೊತ್ತಿತ್ತು. ನಾನು ಎಂಟು ವರ್ಷದವಳಿದ್ದಾಗ ನನ್ನ ಚಿಕ್ಕಪ್ಪನನ್ನು ಮಂಚಕ್ಕೆ ಕಟ್ಟಿದ್ದರು. ಒಳ್ಳೆ ತಮಾಷೆಯ ಮನುಷ್ಯ. ಗಾರೆ ಕೆಲಸ ಮಾಡುತ್ತಿದ್ದ. ನೀರು ಕೊಡಿ, ನೀರು ಕೊಡಿ ಎನ್ನುತ್ತಿದ್ದ. ಅಜ್ಜಿ ಲೋಟ ಹಿಡಿದು ಬಂದರೆ ಕುತ್ತಿಗೆ ಹಿಂದಕ್ಕೆ ಸೆಟೆದು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಬಾಗಿಲು ತೆರೆದು ಗಾಳಿ ಬಂದರೂ ಹಾಗೆಯೇ. ನನ್ನನ್ನು ಗುರುತು ಹಿಡಿದು 'ಹೋಗೇ ಮರಿ, ಹತ್ರ ಬರಬೇಡ' ಎಂದಿದ್ದ. ಎರಡು ದಿನ. ಆಮೇಲೆ ಸದ್ದಿಲ್ಲ.

ಮರುದಿನದಿಂದ ನಾನು ಎರಡು ಜೀವದ ಮೇಲೆ ಕಣ್ಣಿಟ್ಟೆ. ಹಗಲೆಲ್ಲ ಅಲ್ಲಿ ನಾಯಿ ತಿಂದಿತಾ ಎಂದು. ಉಳಿದ ಹೊತ್ತು ಇಲ್ಲಿ ಮಗಳು ಕುಡಿದಳಾ ಎಂದು. ಸಾಹೇಬ ತಿನ್ನುತ್ತಿತ್ತು, ಬಾಲ ಅಲ್ಲಾಡಿಸುತ್ತಿತ್ತು. ಮಗಳನ್ನು ಹರಿದ ಆ ಬಾಯಿಗೆ ನಾನೇ ತುತ್ತು ಆರಿಸಿ ಇಡುತ್ತಿದ್ದೆ. ತಿನ್ನಪ್ಪ, ತಿನ್ನು, ಸಾಯಬೇಡ ಎಂದು ಬೇಡಿಕೊಳ್ಳುತ್ತಿದ್ದೆ. ಅದು ಚೆನ್ನಾಗಿದ್ದರೆ ನನ್ನ ಮಗಳು ಚೆನ್ನಾಗಿರುತ್ತಾಳೆ. ಅಂಥ ಲೆಕ್ಕಕ್ಕೆ ನನ್ನನ್ನು ತಂದಿಟ್ಟಿದ್ದರು.

ಗುರುವಾರ ಎರಡನೇ ಸೂಜಿ ಆಯಿತು. ಶುಕ್ರವಾರ ಕೆಲಸ ಮುಗಿಸಿ ಮನೆಗೆ ಬಂದರೆ ಕಡ್ಡಿ ನೆಲದ ಮೇಲೆ ಅಂಬೆಗಾಲಿಕ್ಕುತ್ತಿದ್ದಳು. ಬಾಯಿ ತೆರೆದಿತ್ತು. ನಾಲಿಗೆ ಹೊರಗಿತ್ತು. ಹಾಗೆಯೇ ನನ್ನ ಕಾಲ ಹತ್ತಿರ ಬಂದು ಮುಖ ಮೇಲೆತ್ತಿದಳು. ಶುರುವಾಯಿತು ಎಂದುಕೊಂಡೆ.

'ಅಮ್ಮ, ನಾನೀಗ ನಾಯಿ' ಎಂದಳು. 'ನನ್ನ ಬಾಯಿ ಒರೆಸು.'

ಆಟ ಆಡುತ್ತಿದ್ದಳು. ನಾನು ಅವಳನ್ನು ಎತ್ತಿ ನಿಲ್ಲಿಸಿ ಕೆನ್ನೆಗೆ ಬಾರಿಸಿದೆ. ಬಾರಿಸಿ ತಬ್ಬಿಕೊಂಡೆ. ಅವಳು ನನ್ನ ಭುಜಕ್ಕೆ ಗಲ್ಲ ಒತ್ತಿಕೊಂಡು ಮೆಲ್ಲಗೆ ಕೇಳಿದಳು. 'ಅವತ್ತು ನೀನು ಮೊದಲು ಅದರ ಹತ್ರ ಯಾಕೆ ಹೋದೆ?' ಅವಳು ಮತ್ತೆ ಕೇಳಿಲ್ಲ, ಆದರೆ ಆ ಪ್ರಶ್ನೆ ನಮ್ಮ ಒಂದೇ ಕೋಣೆಯಲ್ಲಿ ನಮ್ಮ ಜೊತೆ ಉಂಡು ಮಲಗುತ್ತದೆ.

ಶನಿವಾರ ಸಾಹೇಬ ತಟ್ಟೆ ಮುಟ್ಟಲಿಲ್ಲ. ಮೂಲೆಯಲ್ಲಿ ನಿಂತಿತ್ತು. ಕೆಳದವಡೆ ಜೋತು ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು. ಕರೆದೆ. ನನ್ನ ದನಿಗೆ ಎಂಟು ವರ್ಷ ಕಿವಿ ನಿಮಿರಿಸಿದ ನಾಯಿ ನನ್ನನ್ನು ದಾಟಿ ಗೋಡೆ ನೋಡಿತು. ನಾನು ಒಳಗೆ ಓಡಿ ಯಜಮಾನಿಗೆ ಹೇಳಿದೆ. ಅವರು ಕಿಟಕಿಯಿಂದಲೇ ನೋಡಿದರು. 'ಬಿಸಿಲಿಗೆ ಹಾಗಾಗಿದೆ. ನೀನು ಇವತ್ತು ಬೇಗ ಮನೆಗೆ ಹೋಗು' ಎಂದರು. ಎಂಟು ವರ್ಷದಲ್ಲಿ ಬೇಗ ಹೋಗು ಎಂದದ್ದು ಅದೇ ಮೊದಲು.

ಭಾನುವಾರ ಬೆಳಿಗ್ಗೆ ಗೂಡು ಖಾಲಿ. ತೊಳೆದು, ಔಷಧಿ ಹೊಡೆದು, ಒಣಗಿಸಿದ್ದರು. 'ತೋಟದ ಮನೆಗೆ ಕಳಿಸಿದೀವಿ. ಗಾಳಿ ಬದಲಾಗಲಿ ಅಂತ' ಎಂದರು ಯಜಮಾನಿ. 'ನಾಳೆ ಆಸ್ಪತ್ರೇಲಿ ಕೇಳಿದ್ರೆ ನಾಯಿ ಚೆನ್ನಾಗಿದೆ ಅನ್ನು. ನಮ್ಮನೆ ಮಗಳ ಥರ ಅಲ್ವಾ ನೀನು.'

ಮನೆಗೆ ಬಂದೆ. ರಾತ್ರಿ ಯಜಮಾನಿಯ ಮನೆಯಲ್ಲೇ ಉಳಿದಿದ್ದ ಗಂಡ ಆಗತಾನೆ ಬಂದು ಊಟಕ್ಕೆ ಕೂತಿದ್ದ. ನನಗೆ ಮುಖ ಕೊಡುತ್ತಿರಲಿಲ್ಲ. ಅವನ ಬೆರಳು ನೋಡಿದೆ. ಕಾರು ಓಡಿಸುವವನ ಕೈ ಅದು, ಯಾವಾಗಲೂ ಚೊಕ್ಕಟ. ಉಗುರಿನ ಸಂದಿಯಲ್ಲೆಲ್ಲ ಕೆಂಪು ಮಣ್ಣು. ಅಂಗೈಯಲ್ಲಿ ಎರಡು ಬೊಬ್ಬೆ.

'ತೋಟದ ಮನೆಗೆ ನೀನೇ ಬಿಟ್ಟು ಬಂದ್ಯಾ?'

'ಹ್ಞೂಂ.'

'ಎಷ್ಟು ಹೊತ್ತಾಯ್ತು ಹೋಗೋಕೆ?'

ಅವನು ತಟ್ಟೆ ಪಕ್ಕಕ್ಕಿಟ್ಟ. ಕಡ್ಡಿ ಬಾಗಿಲಲ್ಲಿ ಕೂತು ಏನೋ ಬರೆಯುತ್ತಿದ್ದಳು. ಅವಳನ್ನು ನೋಡಿದ. 'ಕಾರು ಶೆಡ್ಡಿಂದ ಹೊರಗೇ ಬಂದಿಲ್ಲ' ಎಂದ. 'ನಿನ್ನೆ ಕತ್ತಲಾಗೋಷ್ಟರಲ್ಲಿ ಸತ್ತೋಯ್ತು. ಹಿತ್ತಲಲ್ಲಿ ಹುಗಿ ಅಂದ್ರು. ಹುಗಿದೆ. ಬಾಯಿ ಬಿಟ್ರೆ ಇಬ್ಬರಿಗೂ ಕೆಲಸ ಇಲ್ಲ ಅಂದ್ರು.'

'ನಿನ್ನ ಮಗಳು ಕಣೋ ಅದು.'

'ಗೊತ್ತು.'

'ಗೊತ್ತಿದ್ದೂ ಬಂದು ಉಂಡ್ಯಾ?'

ಅವನು ಮಂಡಿಯ ನಡುವೆ ತಲೆ ಇಟ್ಟುಕೊಂಡ. ಇನ್ನೂ ನಾಲ್ಕು ಮಾತು ಬಾಯಿಗೆ ಬಂದಿತ್ತು. ಆಡಲಿಲ್ಲ. ಅವನು ಹೂತದ್ದಕ್ಕೂ ನಾನು ಒರೆಸಿದ್ದಕ್ಕೂ ಏನು ದೊಡ್ಡ ವ್ಯತ್ಯಾಸ.

ಸೋಮವಾರ. ಏಳನೇ ದಿನ. ಭಾನುವಾರ ಆ ವಿಭಾಗ ಮುಚ್ಚಿರುತ್ತದೆ, ಹಾಗಾಗಿ ಅವತ್ತು ಮೂರೂ ಜನ ಆಸ್ಪತ್ರೆಗೆ ಹೋದೆವು. ಡಾಕ್ಟರು ಕೇಳುವ ಮೊದಲೇ ನಾನು ಹೇಳಿದೆ. 'ಆ ಪುಸ್ತಕ ಸುಳ್ಳು ಸಾರ್. ಎರಡು ವರ್ಷದಿಂದ ಆ ನಾಯಿಗೆ ಸೂಜಿ ತಾಗಿಲ್ಲ. ಹಿಡ್ಕೊಳ್ತಿದ್ದೋಳು ನಾನು. ಜೊಲ್ಲು ಸುರಿಸ್ಕೊಂಡು ಶನಿವಾರ ಸತ್ತೋಗಿದೆ. ಹೂತಿದ್ದು ಇವನು.'

ಡಾಕ್ಟರು ಪೆನ್ನು ಕೆಳಗಿಟ್ಟರು. 'ಅವತ್ತೇ ಹೇಳೋಕೆ ಏನಾಗಿತ್ತಮ್ಮ ನಿಮಗೆ?' ಎಂದು ಗದರಿದರು. ಗದರಲಿ. ನನಗೆ ಬೈಗುಳ ಹೊಸದಲ್ಲ. ಅವರು ಔಷಧಿ ಉಗ್ರಾಣಕ್ಕೆ ಫೋನು ಮಾಡಿದರು. ಬಹಳ ಹೊತ್ತು ಮಾತಾಡಿದರು. ಆಮೇಲೆ ಹೇಳಿದರು. ಉಗ್ರಾಣದಲ್ಲಿ ಸೀರಂ ಎರಡೇ ಶೀಷೆ ಇದೆ. ನಮ್ಮ ಹೆಸರಿನ ಮುಂದೆ ಸೂಜಿ ಆದ ನಾಯಿ, ಕಣ್ಗಾವಲಲ್ಲಿದೆ ಎಂದು ಬರೆದಾಗಿದೆ. ಬರೀ ಬಾಯಿಮಾತಿಗೆ ಉಗ್ರಾಣದವರು ಕೊಡುವುದಿಲ್ಲ. ನಾಯಿ ಸತ್ತದ್ದನ್ನು ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು ಕಣ್ಣಾರೆ ನೋಡಿ ಬರೆದುಕೊಡಬೇಕು. ಉಗ್ರಾಣದ ಬಾಗಿಲು ಐದಕ್ಕೆ ಮುಚ್ಚುತ್ತದೆ. 'ಇನ್ಸ್‌ಪೆಕ್ಟರ್‌ನ ಕಳಿಸ್ತೀನಿ. ಓಡಿ' ಎಂದರು. ಅಷ್ಟರಲ್ಲಿ ನರ್ಸು ಮಗಳಿಗೆ ಮೂರನೇ ಸೂಜಿ ಹಾಕಿ, ನನ್ನ ಬಿರುಕು ಬಿಟ್ಟ ಬೆರಳು ನೋಡಿ, 'ಆ ನಾಯಿನ ಹಿಡ್ಕೊಳ್ತಿದ್ದದ್ದು ಇದೇ ಕೈಯಾ?' ಎಂದಳು. ನನಗೂ ಗಂಡನಿಗೂ ಸೂಜಿ ಹಾಕಿದಳು. ಕಡ್ಡಿಯನ್ನು ತನ್ನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡು ನಮ್ಮನ್ನು ಕಳಿಸಿದಳು.

ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ಮೂರೂವರೆ. ತೆಳ್ಳಗಿನ ಮನುಷ್ಯ, ಬಗಲಲ್ಲಿ ಚೀಲ. ದೊಡ್ಡ ಮನೆಯ ಗೇಟು ನೋಡಿಯೇ ಅಂಗಿಯ ಗುಂಡಿ ಹಾಕಿಕೊಂಡ. ಯಜಮಾನಿ ವರಾಂಡಕ್ಕೆ ಬಂದರು.

'ನಾಯಿ ತೋಟದ ಮನೇಲಿದೆ. ಚೆನ್ನಾಗಿದೆ' ಎಂದರು.

'ಹಿತ್ತಲಲ್ಲಿದೆ ಸಾರ್. ಇವನೇ ಹೂತಿದ್ದು' ಎಂದೆ.

ಅವರು ನನ್ನ ಗಂಡನನ್ನು ನೋಡಿದರು. ಹತ್ತು ವರ್ಷ ಅವನು ಆ ನೋಟಕ್ಕೆ ಕಾರಿನ ಬಾಗಿಲು ತೆರೆದಿದ್ದ. ಅವನು ನೆಲ ನೋಡಿದ. ಆದರೆ ಇಲ್ಲ ಎನ್ನಲಿಲ್ಲ.

ಇನ್ಸ್‌ಪೆಕ್ಟರ್ ಕೆಮ್ಮಿದ. 'ನೋಡಮ್ಮ, ಮಾಲೀಕರು ಒಪ್ಪದೆ ನಾನು ಇಲ್ಲಿ ಗುದ್ದಲಿ ಹಾಕಿಸೋ ಹಾಗಿಲ್ಲ. ಮೇಲಿಂದ ಕಾಗದ ತರಬೇಕು. ಎರಡು ದಿನ ಆಗುತ್ತೆ.' ಆಮೇಲೆ ಯಜಮಾನಿಯ ಕಡೆ ತಿರುಗಿದ. 'ಆದ್ರೆ ಮೇಡಂ, ಹುಚ್ಚು ಹಿಡಿದ ನಾಯಿನ ಬಚ್ಚಿಟ್ಟಿದ್ರೆ ಮಾಲೀಕರ ಮೇಲೆ ಕೇಸಾಗುತ್ತೆ. ನಿಮಗೆ ತಿಳಿದಿರಲಿ ಅಂತ ಹೇಳ್ದೆ.'

ಯಜಮಾನಿ ಅದೇ ಮೆತ್ತಗಿನ ದನಿಯಲ್ಲಿ ಹೇಳಿದರು. 'ಮಾಲೀಕರು ಯಾರು ಅಂತ ಅವಳನ್ನೇ ಕೇಳಿ. ಮರಿಯಾಗಿದ್ದಾಗಿಂದ ಸಾಕಿದ್ದು ಅವಳು. ಉಣಿಸಿದ್ದು ಅವಳು, ಸ್ನಾನ ಮಾಡಿಸಿದ್ದು ಅವಳು. ಅದು ಅವಳದ್ದೇ ನಾಯಿ. ನಾವು ಪಾಪ ಅಂತ ಜಾಗ ಕೊಟ್ಟಿದ್ವಿ ಅಷ್ಟೆ.'

ಎಂಟು ವರ್ಷ ಅದನ್ನು ನನ್ನ ನಾಯಿ ಎನ್ನಲು ನನಗೆ ಹಕ್ಕಿರಲಿಲ್ಲ. ನನ್ನ ಊಟದ ತಟ್ಟೆ ಅದರ ತಟ್ಟೆಗೆ ತಾಗಿದರೆ ಎರಡು ಸಲ ತೊಳೆಸುತ್ತಿದ್ದರು. ಅದು ಮಲಗುವ ಕುರ್ಚಿಯ ಮೇಲೆ ನಾನು ಒಂದು ದಿನವೂ ಕೂತಿರಲಿಲ್ಲ. ಅದರ ಹುಟ್ಟುಹಬ್ಬದ ಫೋಟೋದಲ್ಲಿ ನನ್ನ ಕೈ ಮಾತ್ರ ಬಂದಿತ್ತು, ಮಿಕ್ಕದ್ದನ್ನು ಕತ್ತರಿಸಿದ್ದರು. ಸತ್ತ ಮೇಲೆ, ರೋಗ ಹತ್ತಿದ ಮೇಲೆ ನನ್ನದಾಯಿತು. ಅವರ ಮುಖಕ್ಕೆ ಉಗಿಯಬೇಕೆನಿಸಿತು.

'ಟೈಮ್ ಎಷ್ಟಾಯ್ತು ಸಾರ್?' ಎಂದು ಕೇಳಿದೆ.

'ನಾಲ್ಕಕ್ಕೆ ಐದು ನಿಮಿಷ.'

'ಅಮ್ಮಾವ್ರು ಹೇಳಿದ್ದು ನೀವೂ ಕೇಳಿಸ್ಕೊಂಡ್ರಿ. ನಾಯಿ ನನ್ನದು. ಮಾಲೀಕಳು ನಾನು. ನಾನು ಒಪ್ಪಿದೀನಿ. ನನ್ನ ನಾಯಿನ ನಾನು ತಗೊಂಡು ಹೋಗ್ತೀನಿ.'

ಯಜಮಾನಿ ಬಾಯಿ ತೆರೆದರು. ನಾಯಿ ನನ್ನದಲ್ಲ ಎಂದರೆ ಅವರದಾಗುತ್ತದೆ. ನಾನು ಅವರನ್ನು ದಾಟಿ ನಡೆದೆ. ಶೆಡ್ಡಿನಿಂದ ಗುದ್ದಲಿ ಎತ್ತಿಕೊಂಡೆ. ಹಿತ್ತಲಿನಲ್ಲಿ ಎಲ್ಲ ಕಡೆ ಒಂದೇ ಸಮ ಹುಲ್ಲು, ಹೂವಿನ ಪಾತಿ. ಮಣ್ಣು ಸಡಿಲ ಕಂಡಲ್ಲಿ ಒಂದು ಏಟು ಹಾಕಿದೆ. ಹೂವು ಬೇರುಸಮೇತ ಬಂತು. ಇನ್ನೊಂದು ಹಾಕಿದೆ. ಅಲ್ಲಿ ಏನೂ ಇಲ್ಲ.

'ಅಲ್ಲಲ್ಲ. ಇಲ್ಲಿ.'

ನನ್ನ ಗಂಡ. ಆ ಮನೆಯ ಅಂಗಳದಲ್ಲಿ ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬಂದು ನನ್ನ ಕೈಯಿಂದ ಗುದ್ದಲಿ ತೆಗೆದುಕೊಂಡ. ಗೋಡೆಯ ಬುಡದಲ್ಲಿ, ಹೊಸ ಕುಂಡ ಇಟ್ಟಿದ್ದ ಕಡೆ, ಕುಂಡವನ್ನು ಕಾಲಿನಿಂದ ಒದ್ದು ಉರುಳಿಸಿ ಅಗೆದ. ಬೊಬ್ಬೆ ಒಡೆದು ಹಿಡಿ ಒದ್ದೆಯಾಯಿತು. ನಾನು ಮಣ್ಣು ಎಳೆದೆ. ಇನ್ಸ್‌ಪೆಕ್ಟರ್ ಚೀಲದಿಂದ ಎರಡು ಜೊತೆ ಗ್ಲೌಸು ಎಸೆದು 'ಬರಿಗೈಯಲ್ಲಿ ಮುಟ್ಟಬೇಡಿ, ಹಾಕ್ಕೊಳ್ಳಿ' ಎಂದು ಕೂಗಿದ. ಎರಡು ಅಡಿ ಹೋದ ಮೇಲೆ ಬಿಳಿ ಬಟ್ಟೆ ಕಂಡಿತು. ಯಜಮಾನಿಯ ಒಳ್ಳೆಯ ಹಾಸು. ನಾವಿಬ್ಬರೂ ಎರಡು ತುದಿ ಹಿಡಿದು ಮೇಲೆತ್ತಿದೆವು. ಇದ್ದಾಗಿನದಕ್ಕಿಂತ ಭಾರವಾಗಿತ್ತು.

ಇನ್ಸ್‌ಪೆಕ್ಟರ್ ಬಟ್ಟೆ ಸರಿಸಿ ನೋಡಿ ಮೂಗು ಮುಚ್ಚಿಕೊಂಡ. ಕಾಗದ ತೆಗೆದ. ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದ. ಬರೆಯುತ್ತ ಒಂದು ಕಡೆ ಪೆನ್ನು ನಿಲ್ಲಿಸಿದ. ನನ್ನನ್ನು ನೋಡಿದ, ವರಾಂಡದ ಕಡೆ ನೋಡಿದ. ಅವನಿಗೆ ಎಲ್ಲ ಗೊತ್ತಿತ್ತು.

'ಮಾಲೀಕರ ಹೆಸರು' ಎಂದ. ಆಮೇಲೆ ದನಿ ತಗ್ಗಿಸಿದ. 'ಯೋಚನೆ ಮಾಡಮ್ಮ. ಕೇಸು ನಿನ್ನ ಮೇಲೇ ಬರುತ್ತೆ.'

'ಬರಲಿ.'

'ಮುಂದೆ ಇದನ್ನ ತಿದ್ದೋಕಾಗಲ್ಲ.'

'ಟೈಮ್ ಎಷ್ಟು ಸಾರ್?'

'ನಾಲ್ಕೂ ಇಪ್ಪತ್ತು.'

'ನನ್ನ ಹೆಸರು ಬರೀರಿ.'

ಬರೆದ. ಕಾಗದ ಹಿಡಿದು ಓಡಿದೆವು. ಐದಕ್ಕೆ ಏಳು ನಿಮಿಷ ಇರುವಾಗ ಉಗ್ರಾಣದವನು ಬೀಗ ಕೈಯಲ್ಲಿ ಹಿಡಿದು ನಿಂತಿದ್ದ. ಕಾಗದವನ್ನು ಎರಡು ಸಲ ಓದಿ ಶೀಷೆ ಕೊಟ್ಟ. ನರ್ಸು ಗಾಯದ ಸುತ್ತ, ಗಾಯದ ಒಳಗೆ, ಎಷ್ಟು ಕಡೆ ಚುಚ್ಚಿದಳೋ ನಾನು ಎಣಿಸಲಿಲ್ಲ. ಕಡ್ಡಿ ಕಿರುಚಿದಳು, ಒದ್ದಳು, ನನ್ನ ಜಡೆ ಕಿತ್ತಳು. ನಾನು ಬಿಡಲಿಲ್ಲ.

ನಮ್ಮಿಬ್ಬರ ಕೆಲಸವೂ ಹೋಯಿತು. ತಿಂಗಳ ನಂತರ ಆರೋಗ್ಯ ಇಲಾಖೆಯ ಕಚೇರಿಗೆ ಕರೆಸಿ, ನಾಯಿಗೆ ಸೂಜಿ ಹಾಕಿಸದೆ ಸಾಕಿದ್ದಕ್ಕೆ, ಸತ್ತದ್ದನ್ನು ಮುಚ್ಚಿಟ್ಟದ್ದಕ್ಕೆ ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡರು. ಗುಮಾಸ್ತ ಓದಿ ಹೇಳಿದ, ನಾನು ನಿಂತು ಕೇಳಿದೆ. ಇವತ್ತಿಗೂ ಆ ಕಚೇರಿಯ ಕಾಗದದಲ್ಲಿ ಹಾಗೆಯೇ ಇದೆ. ನನ್ನ ಮಗಳನ್ನು ಕಚ್ಚಿದ್ದು ನನ್ನ ನಾಯಿ.